‘ಆಟ ನೋಡಿದೇನು ತಮ್ಮಾ?’: ಕೂದಲೆಳೆಯಷ್ಟು ಜಾಗದ ಇತಿಹಾಸ

ಇವತ್ತಿನ ಎಪಿಸೋಡ್ ಒಂದು ಬಹಳ ಸಣ್ಣ ಜಾಗದ ಬಗ್ಗೆ. ಎಷ್ಟು ಸಣ್ಣದು ಅಂದ್ರೆ, ನಿಮ್ಮ ತಲೆಯ ಒಂದು ಕೂದಲು ಕಿತ್ತು ಅಲ್ಲಿ ಇಟ್ಟರೆ ಜಾಗ ತುಂಬಿಹೋಗುತ್ತದೆ. ಆ ಜಾಗದ ವಿಷಯದಲ್ಲಿ ನಾನು ಒಮ್ಮೆ ಸುಳ್ಳು ಹೇಳಿದ್ದೆ. ಅದನ್ನೂ ಇವತ್ತು ಹೇಳಿಬಿಡ್ತೀನಿ.

ಹೋದ ತಿಂಗಳು ಇಳಕಲ್ಲಿಗೆ ಹೋಗಿದ್ದೆ, ನಮ್ಮೂರು. ಅಕ್ಕನ ಮಗ ಡಿಪ್ಲೊಮಾ ಓದ್ತಾನೆ, ಮೆಕ್ಯಾನಿಕಲ್. ಊಟ ಆದ ಮೇಲೆ ಮೊಬೈಲ್ ತಂದು ಮುಂದೆ ಹಿಡಿದ. ‘ಮಾಮಾ, ಇದನ್ನ ನೋಡ್ರಿ’ ಅಂದ. ಜಪಾನಿನ ಮಜ್ದಾ ಕಂಪನಿಯ ಹಳೇ ಕಾರು, ಅದರೊಳಗಿನ ರೋಟರಿ ಎಂಜಿನ್. ಒಬ್ಬ ಮನುಷ್ಯ ಅದನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸ್ತಾನೆ. ಕೊನೆಗೆ ಡಯಲ್ ಗೇಜ್ ಕೂಡಿಸಿ, ಫ್ಲೈವೀಲನ್ನು ಒಮ್ಮೆ ಒಳಕ್ಕೆ ಒತ್ತಿ, ಒಮ್ಮೆ ಹೊರಕ್ಕೆ ಎಳೆದು, ಮುಳ್ಳು ಎಷ್ಟು ಸರಿಯಿತು ಅಂತ ನೋಡ್ತಾನೆ. ಸರಿದದ್ದು 0.05 ಮಿಲಿಮೀಟರ್. ಅಷ್ಟಕ್ಕೇ ಮುಖ ಅರಳಿಸಿ ನಗ್ತಾನೆ.

‘ಇಷ್ಟಕ್ಕ ಯಾಕ ಹಿಂಗ ನಗತಾನ ಮಾಮಾ ಇವ?’ ಅಂತ ಹುಡುಗ ಕೇಳಿದ.

ನನಗೆ ನಗು ಬರಲಿಲ್ಲ. 25 ವರ್ಷದ ಹಿಂದಿನ ಒಂದು ದನಿ ಕಿವಿಯೊಳಗೆ ಬಂತು. ‘ಆಟ ನೋಡಿದೇನು ತಮ್ಮಾ?’

ಚಕ್ಕಡಿಯ ಆಟ

ಈ ‘ಆಟ’ ಅಂದ್ರೆ ಏನು? ಎಂಜಿನ್ನಿನೊಳಗೆ ಕ್ರ್ಯಾಂಕ್‌ಶಾಫ್ಟ್ ಅಂತ ಒಂದು ಉಕ್ಕಿನ ದಂಡ ಇರುತ್ತದೆ. ಪಿಸ್ಟನ್ನಿನ ಮೇಲೆ-ಕೆಳಗೆ ಓಡಾಟವನ್ನು ಸುತ್ತಾಟ ಮಾಡೋದು ಇದೇ. ಈ ದಂಡ ತಿರುಗಬೇಕು, ಅದು ಎಲ್ಲರಿಗೂ ಗೊತ್ತು. ಆದರೆ ತಿರುಗೋದರ ಜೊತೆಗೆ, ಉದ್ದಕ್ಕೆ ಹಿಂದೆ-ಮುಂದೆ ಒಂಚೂರು ಸರಿಯೋಕೂ ಅದಕ್ಕೆ ಜಾಗ ಬೇಕು. ಆ ಸರಿದಾಟಕ್ಕೆ ಪುಸ್ತಕದಲ್ಲಿ ಎಂಡ್ ಪ್ಲೇ ಅಂತಾರೆ. ನಮ್ಮ ಗ್ಯಾರೇಜುಗಳಲ್ಲಿ ಬರೀ ‘ಆಟ’.

ಇದು ಎಂಜಿನ್ ಜೊತೆಗೆ ಬಂದ ಹೊಸ ವಿದ್ಯೆ ಅಲ್ಲ. ನಮ್ಮ ಹುನಗುಂದ, ಬಾದಾಮಿ ಸೀಮೆಯ ಎರೆಹೊಲದಲ್ಲಿ ಓಡಾಡಿದ ಚಕ್ಕಡಿಯನ್ನೇ ತಗೊಳ್ರಿ. ಗಾಲಿಯ ನಡುವಿನ ಗುಂಬ ಅಚ್ಚಿನ ಮೇಲೆ ಕೂಡುತ್ತದೆ. ಗಾಲಿ ಕಳಚಿ ಹೋಗದಂತೆ ಅಚ್ಚಿನ ತುದಿಗೆ ಕಡೆಗೀಲು ಹಾಕ್ತಾರೆ. ಗುಂಬಕ್ಕೂ ಕೀಲಿಗೂ ನಡುವೆ ಸ್ವಲ್ಪ ಸಂದು ಬಿಡ್ತಾರೆ. ಸಂದು ಇಲ್ಲದೇ ಹೋದರೆ ಗಾಲಿ ತಿಕ್ಕಿ ಬಿಸಿಯಾಗುತ್ತದೆ, ಕೀಲೆಣ್ಣೆ ಒಳಗೆ ಇಳಿಯೋದಿಲ್ಲ, ಎತ್ತು ಬಳಲುತ್ತವೆ. ಸಂದು ಹೆಚ್ಚಾದರೆ ಗಾಲಿ ಆ ಕಡೆ ಈ ಕಡೆ ಹೊಡೆದಾಡಿ ಕೀಲನ್ನೇ ತಿಂದು ಹಾಕುತ್ತದೆ. ಚಕ್ಕಡಿ ಮಾಡುವ ಬಡಿಗ್ಯಾರು ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಬೆರಳಿನಿಂದ ನೋಡ್ತಿದ್ದರು, ಕಿವಿಯಿಂದ ಕೇಳ್ತಿದ್ದರು.

ಅವರ ಅಳತೆ ಸೂತ. ಒಂದು ಇಂಚಿನ ಎಂಟನೇ ಭಾಗ, ಅಂದರೆ 3 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಚಕ್ಕಡಿಗೆ ಅಷ್ಟು ಸಾಕಾಗಿತ್ತು. ಗಾಲಿ ಮೆಲ್ಲಗೆ ತಿರುಗುತ್ತಿತ್ತು, ತಪ್ಪಿದರೆ ಕಣ್ಣಿಗೆ ಕಾಣುತ್ತಿತ್ತು, ದಾರಿಯಲ್ಲೇ ನಿಲ್ಲಿಸಿ ಸರಿ ಮಾಡಬಹುದಿತ್ತು. ತಪ್ಪು ಕಾಣದಂಥ ಯಂತ್ರ ಇನ್ನೂ ಬಂದಿರಲಿಲ್ಲ.

ಬಾವಿಗೆ ಎಂಜಿನ್ ಬಂತು

ಅದು ಬಂದದ್ದು ನೀರಿನ ಸಲುವಾಗಿ. ನಮ್ಮದು ಮಳೆ ಕೈಕೊಡುವ ಸೀಮೆ. 1876ರಿಂದ 78ರ ತನಕದ ದೊಡ್ಡ ಬರದಲ್ಲಿ ಬಹಳ ಪೆಟ್ಟು ತಿಂದ ಜಿಲ್ಲೆಗಳಲ್ಲಿ ಆಗಿನ ಕಲಾದಗಿ ಜಿಲ್ಲೆಯೂ ಒಂದು. ಹೌದು, ಇವತ್ತು ಬಾಗಲಕೋಟೆ ತಾಲ್ಲೂಕಿನಲ್ಲಿ ಇರೋ ಅದೇ ಕಲಾದಗಿ. ಆಗ ಅದೇ ಜಿಲ್ಲಾ ಕೇಂದ್ರ. 1885ರಲ್ಲಿ ಕೇಂದ್ರ ಬಿಜಾಪುರಕ್ಕೆ ಹೋಯಿತು. ಬರದ ಹೊತ್ತಿಗೆ ಕಾಳು ಸಾಗಿಸೋಕೆ ದಾರಿ ಬೇಕು ಅಂತ ಹೊಟಗಿ–ಗದಗ ರೈಲು ಹಳಿ ಹಾಕಿದರು. 1884ರ ಹೊತ್ತಿಗೆ ಬಾಗಲಕೋಟೆ, ಬಾದಾಮಿ ಮೇಲೆ ಹಾಯ್ದು ರೈಲು ಓಡಾಡಲು ಶುರುವಾಯಿತು. ಈ ಸೀಮೆಗೆ ಉಗಿ ಎಂಜಿನ್ ಬಂದದ್ದು ಹೀಗೆ.

ಆದರೆ ಬಾವಿಯಲ್ಲಿ ಇನ್ನೂ ಎತ್ತುಗಳೇ. ತೊಗಲಿನ ಚೀಲ, ಹಗ್ಗ, ಗಾಲಿ, ಇಳಿಜಾರಿನಲ್ಲಿ ಹೋಗಿ ಬಂದು ಮಾಡುವ ಒಂದು ಜೋಡಿ ಎತ್ತು. ಕಪಿಲೆ ಅಂತಾರೆ, ಗಡಿ ಕಡೆಯವರು ಮೊಟ ಅಂತಲೂ ಅಂತಾರೆ. ಬೆಳಗಿನಿಂದ ಸಂಜೆ ತನಕ ಹೊಡೆದರೂ ಒಂದು ತುಂಡು ಹೊಲ ನೆನೆಯೋದು ಕಷ್ಟ.

ಇದೇ ಕಾಲಕ್ಕೆ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿ ಶುರುವಾಯಿತು. 1888. ಹಾಕಿದವರು ಲಕ್ಷ್ಮಣರಾವ್ ಕಿರ್ಲೋಸ್ಕರ್, ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಚಿತ್ರ ಕಲಿಯೋಕೆ ಮುಂಬೈಗೆ ಹೋಗಿದ್ದರು. ಬಣ್ಣ ಗುರುತಿಸೋದರಲ್ಲಿ ಕಣ್ಣಿಗೆ ತೊಂದರೆ ಇದ್ದದ್ದರಿಂದ ಅದನ್ನು ಬಿಟ್ಟು ಯಂತ್ರದ ಡ್ರಾಯಿಂಗ್ ಕಡೆ ತಿರುಗಿದರು. ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರ, ಅದರಿಂದ ಕಬ್ಬಿಣದ ನೇಗಿಲು. 1910ರಲ್ಲಿ ಔಂಧ್ ಸಂಸ್ಥಾನದ ಬಂಜರು ನೆಲದಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು.

ಸೈಕಲ್ ಅಂದೆನಲ್ಲ, ನಿಮ್ಮಲ್ಲಿ ಎಷ್ಟೋ ಮಂದಿ ಸೈಕಲ್ ಗಾಲಿಯ ಕೋನ್ ಟೈಟ್ ಮಾಡಿಸಿರ್ತೀರಿ. ಹೆಚ್ಚು ಟೈಟ್ ಮಾಡಿದರೆ ಗಾಲಿ ತಿರುಗೋದೇ ಇಲ್ಲ. ಸಡಿಲ ಬಿಟ್ಟರೆ ಅಲ್ಲಾಡುತ್ತದೆ. ಎರಡರ ನಡುವೆ ಒಂದು ಜಾಗ ಇದೆ, ಪಾನಾ ಹಿಡಿದ ಕೈಗೆ ಮಾತ್ರ ಗೊತ್ತಾಗುವಂಥದ್ದು. ಅದೇ ಆಟ.

ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ ಸರಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. 1930ರ ಸುಮಾರಿಗೆ ಇಂಗ್ಲೆಂಡಿನ ಲಿಸ್ಟರ್ ಕಂಪನಿ ಒಂದು ಸಣ್ಣ ಎಂಜಿನ್ ತಂದಿತು. ಒಂದೇ ಸಿಲಿಂಡರ್, ಎರಡು ದೊಡ್ಡ ಫ್ಲೈವೀಲ್, ನಿಮಿಷಕ್ಕೆ 600 ಸುತ್ತು, 5 ಅಶ್ವಶಕ್ತಿ. ಮುಂದೆ ಗುಜರಾತಿನ ರಾಜಕೋಟ್‌ನಲ್ಲಿ ಇದೇ ಮಾದರಿಯ ಎಂಜಿನ್ನುಗಳು ಲೆಕ್ಕವಿಲ್ಲದಷ್ಟು ತಯಾರಾದವು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಡುಗ್ ಡುಗ್ ಡುಗ್ ಅನ್ನುವ ಆ ಸದ್ದು ಘಟಪ್ರಭೆ, ಮಲಪ್ರಭೆ, ಕೃಷ್ಣೆಯ ದಂಡೆಗೆ ಬಂದದ್ದು ಹೀಗೆ.

ಒಂದು ಸಣ್ಣ ಲೆಕ್ಕ ಹಾಕೋಣ. 5 ಅಶ್ವಶಕ್ತಿಯ ಎಂಜಿನ್, 10 ಮೀಟರ್ ಆಳದ ನೀರು, ಅರ್ಧ ಶಕ್ತಿ ಪೋಲಾಯಿತು ಅಂತಲೇ ಹಿಡಿಯಿರಿ. ಆದರೂ ಸೆಕೆಂಡಿಗೆ ಹತ್ತಿರ ಹತ್ತಿರ 19 ಲೀಟರ್ ನೀರು ಮೇಲೆ ಬರುತ್ತದೆ. ಎತ್ತುಗಳಿಗೆ ಇದು ಸಾಧ್ಯವೇ ಇಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಕಬ್ಬು ಬೆಳೆಯೋಕೆ ರೈತರಿಗೆ ಧೈರ್ಯ ಬಂದದ್ದರಲ್ಲಿ ಈ ಎಂಜಿನ್ನಿನ ಪಾಲೂ ಇದೆ.

ಎಂಜಿನ್ ಬಂದ ಮೇಲೆ ಅದನ್ನು ಬಿಚ್ಚಿ ಕಟ್ಟುವವರು ಬೇಕು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇಥ್ ಮಾಡೋಕೆ ನಿಂತಿತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಬಂತು. ತಾಲ್ಲೂಕು ಊರುಗಳಲ್ಲೂ ಲೇಥ್ ಅಂಗಡಿ ಆದವು. 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂತು. ಆದರೆ ಬಡಿಗ್ಯಾರ ಬಾಯಲ್ಲಿ ಸೂತ ಉಳಿಯಿತು, ಲೇಥ್ ಮಿಸ್ತ್ರಿಗಳ ಬಾಯಲ್ಲಿ ಇಂಚಿನ ಸಾವಿರದ ಒಂದು ಭಾಗ, ‘ಥೌ’, ಉಳಿಯಿತು. ಒಂದೇ ಓಣಿಯಲ್ಲಿ ಮೂರು ಅಳತೆ.

ನಾನು ‘ಹೂಂ’ ಅಂದ ಸಂಜೆ

ಈಗ ನನ್ನ ಕಥೆ. 1990ರ ದಶಕದ ಕೊನೆ. ಬಾಗಲಕೋಟೆ ಆಗತಾನೇ ಬೇರೆ ಜಿಲ್ಲೆ ಆಗಿತ್ತು, 1997ರಲ್ಲಿ. ಮನೆಯಲ್ಲಿ ಮಗ್ಗ. ನೇಯೋದು ನನಗೆ ಒಗ್ಗಲಿಲ್ಲ. ಹಳೇ ಬಾಗಲಕೋಟೆಯ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯೋಕೆ ಸೇರಿದೆ. ಹುನಗುಂದ, ಇಳಕಲ್ ಕಡೆಯ ಕಲ್ಲಿನ ಕ್ವಾರಿಗಳ ಕಂಪ್ರೆಸರ್ ಎಂಜಿನ್ ಬರ್ತಿದ್ದವು, ಹಿಟ್ಟಿನ ಗಿರಣಿ ಎಂಜಿನ್ ಬರ್ತಿದ್ದವು, ಹೊಲದ ಎಂಜಿನ್ ಅಂತೂ ಸಾಲುಗಟ್ಟಿ. ಕರೆಂಟಿನ ಮೋಟರ್ ಬಂದಿದ್ದವು ನಿಜ, ಆದರೆ ಕರೆಂಟೇ ಇರ್ತಿರಲಿಲ್ಲವಲ್ಲ!

ಅಂಗಡಿಯವರನ್ನು ನಾವೆಲ್ಲ ಮಿಸ್ತ್ರಿ ಕಾಕಾ ಅಂತಿದ್ದೆವು. ಅವರ ಹತ್ತಿರ ಒಂದೇ ಒಂದು ಡಯಲ್ ಗೇಜ್. ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಡ್ತಿದ್ದರು. ಎಂಜಿನ್ ಕಟ್ಟಿ ಮುಗಿಸಿದಾಗಲೆಲ್ಲ ಒಂದೇ ಪ್ರಶ್ನೆ, ‘ಆಟ ನೋಡಿದೇನು ತಮ್ಮಾ?’

ನೋಡುವ ಕ್ರಮ ಹೀಗೆ. ಲಿಸ್ಟರ್ ಮಾದರಿಯ ಎಂಜಿನ್ನಿನಲ್ಲಿ ಶಾಫ್ಟಿನ ಎರಡೂ ತುದಿಗೆ ಟೇಪರ್ ರೋಲರ್ ಬೇರಿಂಗ್ ಇರ್ತಾವೆ. ಬೇರಿಂಗ್ ಕೂಡುವ ಮನೆಗೂ ಎಂಜಿನ್ ಮೈಗೂ ನಡುವೆ ಹಾಳೆಯಂಥ ತೆಳು ಶಿಮ್ ಹಾಕ್ತಾರೆ. ಶಿಮ್ ಹೆಚ್ಚಿದಷ್ಟು ಆಟ ಹೆಚ್ಚು, ತೆಗೆದಷ್ಟು ಆಟ ಕಡಿಮೆ. ಬೋಲ್ಟೆಲ್ಲ ಪೂರ್ತಿ ಬಿಗಿದ ಮೇಲೆ ಶಾಫ್ಟನ್ನು ನಾಲ್ಕು ಸುತ್ತು ತಿರುಗಿಸಬೇಕು, ಬೇರಿಂಗ್ ಸರಿಯಾಗಿ ಕೂಡಲಿ ಅಂತ. ಶಾಫ್ಟಿನ ತುದಿಗೆ ಡಯಲ್ ಗೇಜಿನ ಮುಳ್ಳು ತಾಗಿಸಿ, ಒಂದು ಕಡೆ ಒತ್ತಿ, ಸೊನ್ನೆಗೆ ಇಟ್ಟು, ಇನ್ನೊಂದು ಕಡೆಗೆ ಒತ್ತಬೇಕು. ಮುಳ್ಳು ಎಷ್ಟು ಸರಿಯಿತೋ ಅಷ್ಟು ಆಟ. ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ. ಎರಡೂ ಸಲ ಒಂದೇ ಲೆಕ್ಕ ಬಂದರೆ ಮಾತ್ರ ಕಾಕಾ ಒಪ್ಪುತ್ತಿದ್ದರು.

ಯಾಕೆ ಇಷ್ಟು? ಬಿಸಿಯಾದರೆ ಉಕ್ಕು ಹಿಗ್ಗುತ್ತದೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ 0.012 ಮಿಲಿಮೀಟರ್ ಹಿಗ್ಗುತ್ತದೆ. ಬೇರಿಂಗುಗಳ ನಡುವೆ 30 ಸೆಂಟಿಮೀಟರ್ ಉದ್ದದ ಶಾಫ್ಟ್ ಇದೆ ಅಂದುಕೊಳ್ಳಿ. ಶಾಫ್ಟ್ ಎಂಜಿನ್ ಮೈಗಿಂತ 20 ಡಿಗ್ರಿ ಹೆಚ್ಚು ಬಿಸಿಯಾದರೆ 0.07 ಮಿಲಿಮೀಟರ್ ಹೆಚ್ಚು ಉದ್ದ ಆಗುತ್ತದೆ. ಒಂದು ಕೂದಲೆಳೆ. ಆ ಕೂದಲೆಳೆಗೆ ಜಾಗ ಇಲ್ಲದಿದ್ದರೆ ಬೇರಿಂಗಿನ ಎದೆ ಮೇಲೆ ಶಾಫ್ಟ್ ಕೂಡುತ್ತದೆ. ಎಣ್ಣೆಯ ಪದರ ಹರಿಯುತ್ತದೆ. ಇನ್ನಷ್ಟು ಬಿಸಿ, ಇನ್ನಷ್ಟು ಹಿಗ್ಗು.

ಅವತ್ತು ಬಾದಾಮಿ ತಾಲ್ಲೂಕಿನ ಮಲಪ್ರಭೆ ದಂಡೆಯ ಒಬ್ಬ ರೈತರ ಎಂಜಿನ್ ಬಂದಿತ್ತು. ಹೊಸ ಬೇರಿಂಗ್ ಹಾಕಿದೆ. ಶಿಮ್ ತೊಳೆಯುವಾಗ ಒಂದು ಎಲ್ಲೋ ಡೀಸೆಲ್ ಬುಟ್ಟಿಯಲ್ಲಿ ಬಿತ್ತು. ಹುಡುಕಲಿಲ್ಲ. ಒಂದು ಕಡಿಮೆ ಹಾಕಿಯೇ ಬಿಗಿದೆ. ಫ್ಲೈವೀಲ್ ತಿರುಗಿಸಿದಾಗ ಸ್ವಲ್ಪ ಬಿಗಿ ಅನಿಸಿತು. ಹೊಸ ಬೇರಿಂಗು, ಹಂಗ ಇರತಾವ ಅಂದುಕೊಂಡೆ. ಇಳಕಲ್ಲಿಗೆ ಹೋಗುವ ಕೊನೇ ಬಸ್ಸಿನ ಹೊತ್ತಾಗಿತ್ತು. ಕಾಕಾ ಒಳಗಿನಿಂದಲೇ ಕೇಳಿದರು, ‘ಆಟ ನೋಡಿದೇನು ತಮ್ಮಾ?’

‘ಹೂಂ ಕಾಕಾ, ನೋಡಿದೆ.’

ಅಷ್ಟೇ. ಮೂರು ಪದ. ಡಯಲ್ ಗೇಜ್ ಟ್ರಂಕಿನಲ್ಲೇ ಇತ್ತು.

ಎರಡು ದಿನ ಎಂಜಿನ್ ಚೆನ್ನಾಗಿ ಓಡಿತಂತೆ. ಮೂರನೇ ದಿನ ಮಧ್ಯಾಹ್ನ ಸದ್ದು ಭಾರ ಆಯಿತು, ಹೊಗೆ ಕಪ್ಪಾಯಿತು, ಆಮೇಲೆ ನಿಂತೇ ಬಿಟ್ಟಿತು. ಹ್ಯಾಂಡಲ್ ಹೊಡೆದರೂ ಫ್ಲೈವೀಲ್ ಕದಲಲಿಲ್ಲ. ಪೂರ್ತಿ ಜಾಮ್. ರೈತರು ಬಸ್ಸು ಹಿಡಿದು ಅಂಗಡಿಗೆ ಬಂದರು. ಉಳ್ಳಾಗಡ್ಡಿ ಗಡ್ಡೆ ಕಟ್ಟುವ ಹೊತ್ತು ಅದು, ನೀರು ತಪ್ಪಿಸಲೇಬಾರದ ಹೊತ್ತು. ಬೇರಿಂಗ್ ಹುಬ್ಬಳ್ಳಿಯಿಂದ ಬರಬೇಕು, ಸುಟ್ಟು ಗೀರು ಬಿದ್ದ ಶಾಫ್ಟ್ ಲೇಥಿಗೆ ಹೋಗಬೇಕು. ಎಂಟು ದಿನ ಹಿಡಿಯಿತು.

ಕಾಕಾ ಎಂಜಿನ್ ಬಿಚ್ಚಿದರು. ಶಿಮ್ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ರೈತರ ಕಡೆ ತಿರುಗಿ, ‘ಅಣ್ಣಾರ, ತಪ್ಪು ನಮ್ಮ ಅಂಗಡಿದು. ರೊಕ್ಕ ಕೊಡಬ್ಯಾಡ್ರಿ’ ಅಂದರು.

ಎಂಟನೇ ದಿನ ನಾವಿಬ್ಬರೂ ಎಂಜಿನ್ ಹೇರಿಕೊಂಡು ಹೊಲಕ್ಕೆ ಹೋದೆವು. ಅಲ್ಲಿ ಎಲ್ಲರ ಎದುರಿಗೆ ಐದು ಸಲ ನನ್ನಿಂದ ಆಟ ನೋಡಿಸಿದರು. ಪ್ರತಿ ಸಲವೂ ಲೆಕ್ಕ ಗಟ್ಟಿಯಾಗಿ ಹೇಳಬೇಕು. ರೈತರು ಪಕ್ಕಕ್ಕೆ ಕೂತು ನೋಡ್ತಿದ್ದರು. ಹಿಂದೆ ಉಳ್ಳಾಗಡ್ಡಿಯ ಎಲೆ ಹಳದಿಯಾಗಿ ನೆಲಕ್ಕೆ ಮಲಗಿತ್ತು. ‘ಎಷ್ಟ್ ಐತಿ ಅದು, ಆ ಸಂದು?’ ಅಂತ ಕೇಳಿದರು. ಕಾಕಾ ಹೇಳಿದರು, ‘ಒಂದು ಕೂದಲೆಳಿ.’

‘ಒಂದು ಕೂದಲೆಳಿಗೆ ನಂದು ಎರಡು ಎಕರೆ ಹೋತಲ್ಲೋ ಯಪ್ಪಾ’ ಅಂದರು. ಸಿಟ್ಟಿನಿಂದ ಅಲ್ಲ. ಲೆಕ್ಕ ಹಾಕಿ ನೋಡಿದವರ ಹಂಗೆ ಅಂದರು. ಆಮೇಲೆ ನಮಗಿಬ್ಬರಿಗೂ ಚಹಾ ಕೊಟ್ಟರು. ತಪ್ಪು ಯಾರದು ಅಂತ ನಾನು ಅಲ್ಲಿ ಹೇಳಲಿಲ್ಲ. ಕಾಕಾನೂ ಹೇಳಲಿಲ್ಲ.

ಮತ್ತೆ ಆ ರೋಟರಿ ಎಂಜಿನ್

ಈಗ ಆ ವಿಡಿಯೊದವನು ಯಾಕೆ ನಕ್ಕ ಅಂತ ನೋಡೋಣ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಯೋಚಿಸಿದ ಎಂಜಿನ್ ಅದು. ಪಿಸ್ಟನ್ ಇಲ್ಲ. ಮೂರು ಮೂಲೆಯ ರೋಟರ್ ಒಳಗೇ ಸುತ್ತುತ್ತದೆ. ಕ್ರ್ಯಾಂಕ್‌ಶಾಫ್ಟ್ ಜಾಗದಲ್ಲಿ ಎಕ್ಸೆಂಟ್ರಿಕ್ ಶಾಫ್ಟ್. 1964ರಲ್ಲಿ ಎನ್‌ಎಸ್‌ಯು ಕಂಪನಿ ಮೊದಲ ಕಾರು ತಂದಿತು, 1967ರಲ್ಲಿ ಮಜ್ದಾ ಕಾಸ್ಮೊ ಬಂತು. 1991ರಲ್ಲಿ ಲೆ ಮಾನ್ಸ್‌ನ 24 ಗಂಟೆಯ ರೇಸನ್ನು ಮಜ್ದಾ 787ಬಿ ಗೆದ್ದಿತು. ಜಪಾನಿನ ಕಾರೊಂದು ಅದನ್ನು ಗೆದ್ದದ್ದು ಅದೇ ಮೊದಲು. ನಮ್ಮ ಕಡೆ ಮಜ್ದಾ ಅಂದ್ರೆ ಸ್ವರಾಜ್ ಮಜ್ದಾ ಗಾಡಿ. ಅದರಲ್ಲಿ ಇದ್ದದ್ದು ಪಿಸ್ಟನ್ನಿನ ಡೀಸೆಲ್ ಎಂಜಿನ್ನೇ.

ಪಿಸ್ಟನ್ ಎಂಜಿನ್ನಿನ ಎಷ್ಟೋ ಕಾರುಗಳಲ್ಲಿ ಆಟ 0.1ರಿಂದ 0.3 ಮಿಲಿಮೀಟರ್ ಇದ್ದರೂ ನಡೆಯುತ್ತದೆ. ಮಜ್ದಾ ರೋಟರಿಯಲ್ಲಿ 0.04ರಿಂದ 0.07ರ ಒಳಗೆ ಬರಬೇಕು. ಸರಿ ಮಾಡೋದು ಶಾಫ್ಟಿನ ಮುಂಭಾಗದ ಒಂದು ಸ್ಪೇಸರ್ ಬದಲಿಸಿ. ಸ್ಪೇಸರಿನ ಮೇಲೆ ಒಂದು ಅಕ್ಷರ ಇರುತ್ತದೆ, ಒಂದೊಂದು ಅಕ್ಷರಕ್ಕೆ ಒಂದೊಂದು ದಪ್ಪ. ಅಲ್ಲಿ ಒಂದು ಮೋಸವೂ ಇದೆ. ಜೋಡಿಸುವಾಗ ಶಾಫ್ಟ್ ಸರಿದರೆ ಒಳಗಿನ ಸೂಜಿ ಬೇರಿಂಗ್ ಜಾಗ ತಪ್ಪಿ ನಡುವೆ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣೋದಿಲ್ಲ, ಬೋಲ್ಟು ಬಿಗಿಯಾಗುತ್ತದೆ. ಡಯಲ್ ಗೇಜಿನ ಮುಳ್ಳು ಮಾತ್ರ ನಿಜ ಹೇಳುತ್ತದೆ. ಮುಳ್ಳು 0.05 ಅಂದಾಗ ಅವನು ನಕ್ಕದ್ದು ಅದಕ್ಕೇ. ಬೇರಿಂಗ್ ಜಾಗದಲ್ಲಿದೆ, ಬಿಚ್ಚಬೇಕಾಗಿಲ್ಲ ಅಂತ.

ಸೂತದಿಂದ ಥೌ, ಥೌನಿಂದ ಮಿಲಿಮೀಟರಿನ ನೂರನೇ ಭಾಗ. ನೂರೈವತ್ತು ವರ್ಷದಲ್ಲಿ ಈ ಸಂದು ಸಣ್ಣದಾಗುತ್ತಲೇ ಬಂದಿದೆ. ಚಕ್ಕಡಿಯ ಸಂದು ತಪ್ಪಿದರೆ ದಾರಿಯಲ್ಲಿ ಹೋಗುವವರಿಗೂ ಕಾಣುತ್ತಿತ್ತು. ಎಂಜಿನ್ನಿನ ಸಂದು, ಕಟ್ಟಿದವನಿಗೆ ಬಿಟ್ಟರೆ ಯಾರಿಗೂ ಕಾಣೋದಿಲ್ಲ. ಹಾಗಾಗಿ ಅವನು ‘ನೋಡಿದೆ’ ಅಂದರೆ ಉಳಿದವರೆಲ್ಲ ಆ ಒಂದು ಮಾತಿನ ಮೇಲೆ ಬದುಕು ಹೂಡಬೇಕು. ಇದು ಯಂತ್ರದ ಇತಿಹಾಸ ಹೌದು. ನಂಬಿಕೆಯ ಇತಿಹಾಸವೂ ಹೌದು.

ಆ ಗ್ಯಾರೇಜ್ ಈಗ ಇಲ್ಲ. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಖಾಲಿಯಾದವು, ನವನಗರ ಎದ್ದಿತು. ಹೊಲಗಳಿಗೆ ನೀರು ಕೊಡೋಕೆ ಕಟ್ಟಿದ ಅಣೆಕಟ್ಟು, ಹೊಲಕ್ಕೆ ನೀರೆತ್ತುವ ಎಂಜಿನ್ ಕಟ್ಟುತ್ತಿದ್ದ ಓಣಿಯನ್ನೂ ಎಬ್ಬಿಸಿತು. ಕಾಕಾ ನವನಗರದಲ್ಲಿ ಕೆಲವು ವರ್ಷ ಅಂಗಡಿ ಇಟ್ಟಿದ್ದರು. ಈಗ ಅವರೂ ಇಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಅಕ್ಕನ ಮಗ ಕೇಳಿದ, ‘ಮಾಮಾ, ಆ ರೈತರಿಗೆ ನೀವು ಮುಂದಾದರೂ ಹೇಳಿದ್ರೇನು?’

‘ಇಲ್ಲೋ’ ಅಂದೆ.

ಅವನು ಸುಮ್ಮನಾದ. ಆಮೇಲೆ ಅಂದ, ‘ಮತ್ತ ಈಗ ಹೇಳ್ರಿ. ನಿಮ್ಮ ಪಾಡ್‌ಕಾಸ್ಟ್ ಐತೆಲ್ಲ.’

ಅದಕ್ಕೇ ಈ ಎಪಿಸೋಡ್. ಮಲಪ್ರಭೆ ದಂಡೆಯ ಆ ಅಣ್ಣಾರು, ಇಲ್ಲಾ ಅವರ ಮಕ್ಕಳು ಯಾರಾದರೂ ಇದನ್ನು ಕೇಳ್ತಿದ್ದರೆ: ಆ ಶಿಮ್ ಕಳೆದವನು ನಾನು. ಆಟ ನೋಡದೇ ‘ಹೂಂ’ ಅಂದವನೂ ನಾನೇ. ಅಂಗಡಿಯದಲ್ಲ ತಪ್ಪು, ನಂದು.

ಎಂಜಿನ್ ಕೆಲಸ ಕಲಿಯುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದೇ ಮಾತು. ಆಟ ನೋಡಿದ ಮೇಲೆ ಬಂದ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು, ತಾರೀಕು ಹಾಕಿ, ಎಂಜಿನ್ ಜೊತೆಗೇ ಕೊಡ್ರಿ. ನೋಡದೇ ಬರೆಯೋಕೆ ಕೈ ಬರೋದಿಲ್ಲ. ಬಾಯಿಗೆ ‘ಹೂಂ’ ಅನ್ನೋದು ಬಹಳ ಸುಲಭ, ಅದು ನನಗೆ ಗೊತ್ತು.

ಮುಂದಿನ ವಾರ ಸಿಗೋಣ್ರೀ. ನಮಸ್ಕಾರ.